ಹದಿಮೂರು ರೂಪಾಯಿ ಸಾಲಗಾರನ ಯುದ್ಧಕಾಲದ ಫೋಟೊಗಳು

ನನ್ನ ಹತ್ತಿರ ವಿನ್‌ಸ್ಟನ್ ಚರ್ಚಿಲ್‌ನ ಹನ್ನೊಂದು ಫೋಟೊಗಳಿವೆ. ಎಲ್ಲವೂ 1940ರಿಂದ 1945ರ ನಡುವೆ ತೆಗೆದವು. ಆ ದಿನಗಳಲ್ಲೇ ಪತ್ರಿಕಾ ಕಚೇರಿಗಳಿಗೆಂದು ತೊಳೆದು ಕಳಿಸಿದ ಅಸಲಿ ಪ್ರಿಂಟ್‌ಗಳು. ಕೆಲವು ಹಳೆ ಪುಸ್ತಕದಂಗಡಿಗಳಲ್ಲಿ ಸಿಕ್ಕವು, ಉಳಿದವು ಆನ್‌ಲೈನ್ ಹರಾಜಿನಲ್ಲಿ ಟ್ಯೂಷನ್ ಹೇಳಿ ಗಳಿಸಿದ ದುಡ್ಡಿನಿಂದ ಕೊಂಡವು.

ಇದನ್ನು ನೋಡಿದ ಸ್ನೇಹಿತರು ಮೊದಲು ಕೇಳುವುದು ಬೆಲೆಯನ್ನಲ್ಲ. ಗಾಂಧೀಜಿ, ನೆಹರೂ, ಸುಭಾಷರೆಲ್ಲ ಇರುವಾಗ, ನಮ್ಮ ಸ್ವಾತಂತ್ರ್ಯವನ್ನೇ ಕೊನೆಯವರೆಗೂ ವಿರೋಧಿಸಿದ ಮನುಷ್ಯನ ಫೋಟೊ ಕೂಡಿಡುವುದು ಏಕೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರದಲ್ಲಿ ಎರಡು ಭಾಗಗಳಿವೆ. ಒಂದು, ಆತ ನಮ್ಮ ಕಡೆ ಇದ್ದುಹೋದವನು. ನಾನಿರುವ ಕಲ್ಯಾಣ ನಗರದಿಂದ ಶಿವಾಜಿನಗರದ ಬಸ್ ಹತ್ತಿದರೆ, ಆತ ಇಪ್ಪತ್ತೊಂದನೇ ವಯಸ್ಸಿಗೆ ಬಂದಿಳಿದ ಕಂಟೋನ್ಮೆಂಟಿನೊಳಗೇ ಇಳಿಯುತ್ತೇವೆ. ಎರಡು, ಕ್ಯಾಮೆರಾ ಮುಂದೆ ಹೇಗೆ ನಿಲ್ಲಬೇಕು ಎಂಬುದನ್ನು ಆತನಷ್ಟು ಅರಿತಿದ್ದ ನಾಯಕರು ಆ ಕಾಲದಲ್ಲಿ ಕಡಿಮೆ. ಒಂದು ಫೋಟೊ ಹೇಗೆ ನಾಯಕನನ್ನು ಕಟ್ಟುತ್ತದೆ, ಕಟ್ಟುವಾಗ ಏನನ್ನು ಬಿಟ್ಟುಬಿಡುತ್ತದೆ ಎಂದು ಕಲಿಯಲು ಆತನ ಚಿತ್ರಗಳು ಒಳ್ಳೆಯ ಪಠ್ಯ.

ಕೋಚಿಂಗ್ ಸೆಂಟರುಗಳ ಗೋಡೆಯ ಮೇಲೆ, ಬೆಳಗಿನ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಚರ್ಚಿಲ್ ನಮಗೆ ದಿನವೂ ಸಿಗುತ್ತಾನೆ. ಸೋಲಿಗೆ ಹೆದರದವನು, ಛಲ ಬಿಡದವನು ಎಂಬ ಒಂದೇ ಭಂಗಿಯಲ್ಲಿ. ಆ ಭಂಗಿ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಪೂರ್ತಿ ಮನುಷ್ಯನನ್ನು ನೋಡಬೇಕಾದರೆ ಕಥೆಯನ್ನು ಬೆಂಗಳೂರಿನಿಂದಲೇ ಶುರು ಮಾಡುವುದು ಒಳ್ಳೆಯದು.

ಕಂಟೋನ್ಮೆಂಟಿನ ಮಧ್ಯಾಹ್ನಗಳು

ಚರ್ಚಿಲ್ ಹುಟ್ಟಿದ್ದು 1874ರ ನವೆಂಬರ್ 30ರಂದು, ಇಂಗ್ಲೆಂಡಿನ ಬ್ಲೆನ್‌ಹೈಮ್ ಅರಮನೆಯಲ್ಲಿ. ತಂದೆ ಲಾರ್ಡ್ ರ‍್ಯಾಂಡಾಲ್ಫ್ ಹೆಸರಾಂತ ರಾಜಕಾರಣಿ, ತಾಯಿ ಜೆನ್ನಿ ಅಮೆರಿಕದವಳು. ಶಾಲೆಯಲ್ಲಿ ಹುಡುಗ ಜಾಣನೆನಿಸಿಕೊಳ್ಳಲಿಲ್ಲ. ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಪಾಸಾದ. 1895ರ ಆರಂಭದಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಆತ 4ನೇ ಹುಸಾರ್ಸ್ ಎಂಬ ಅಶ್ವದಳದಲ್ಲಿ ಅಧಿಕಾರಿಯಾಗಿ ಸೇರಿದ. ಮರುವರ್ಷ ಆ ದಳವನ್ನು ಭಾರತಕ್ಕೆ ಕಳಿಸಿದರು.

1896ರ ಅಕ್ಟೋಬರ್‌ನಲ್ಲಿ ಹಡಗು ಬೊಂಬಾಯಿಗೆ ಬಂತು. ಸಣ್ಣ ದೋಣಿಯಿಂದ ಸಾಸೂನ್ ಡಾಕ್‌ನ ಮೆಟ್ಟಿಲಿಗೆ ಇಳಿಯಲು ಗೋಡೆಯ ಕಬ್ಬಿಣದ ಬಳೆ ಹಿಡಿದಾಗ ಅಲೆಗೆ ದೋಣಿ ಕೆಳಗೆ ಜಾರಿ ಆತನ ಬಲಭುಜ ಉಳುಕಿತು. ಆ ನೋವು ಜೀವನವಿಡೀ ಕಾಡಿತು. ಮುಂದೆ ಪೋಲೊ ಆಡುವಾಗಲೆಲ್ಲ ತೋಳಿಗೆ ಪಟ್ಟಿ ಬಿಗಿದುಕೊಳ್ಳಬೇಕಾಯಿತು. ಅಲ್ಲಿಂದ ರೈಲಿನಲ್ಲಿ ಬೆಂಗಳೂರು ಕಂಟೋನ್ಮೆಂಟ್.

ಆಗಿನ ಕಂಟೋನ್ಮೆಂಟ್ ಮೈಸೂರು ಸಂಸ್ಥಾನದ ನಡುವೆ ಇದ್ದರೂ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರದೇಶ. 1809ರಲ್ಲಿ ಶುರುವಾದ ಈ ದಂಡಿನ ಪ್ರದೇಶ ಮತ್ತೆ ಮೈಸೂರಿಗೆ ಸೇರಿದ್ದು 1947ರಲ್ಲಿ. ಪರೇಡ್ ಮೈದಾನ, ಹಲಸೂರು ಕೆರೆ, ಟ್ರಿನಿಟಿ ಚರ್ಚ್ ಎಲ್ಲವೂ ಆಗಲೇ ಇದ್ದವು. ಚರ್ಚಿಲ್ ಇಬ್ಬರು ಜೊತೆ ಅಧಿಕಾರಿಗಳೊಂದಿಗೆ ದೊಡ್ಡದೊಂದು ಬಂಗಲೆ ಹಿಡಿದ. ತಿಳಿಗುಲಾಬಿ ಮತ್ತು ಬಿಳಿ ಬಣ್ಣದ ಗೋಡೆ, ಅಂಗಳದ ತುಂಬ ಗುಲಾಬಿ ಗಿಡ, ಬಟ್ಲರ್, ಕುದುರೆ ನೋಡಿಕೊಳ್ಳುವವರು, ತೋಟದವರು. ಬೆಳಿಗ್ಗೆ ಕವಾಯತು, ಸಂಜೆ ಪೋಲೊ. ಬಂದಿಳಿದ ಎರಡು ತಿಂಗಳೊಳಗೆ ಈ ದಳದ ತಂಡ ಹೈದರಾಬಾದಿನಲ್ಲಿ ಗೋಲ್ಕೊಂಡ ಕಪ್ ಗೆದ್ದು ಹಳೆಯ ತಂಡಗಳನ್ನು ಬೆರಗುಗೊಳಿಸಿತು.

ಆತನೂ ಒಬ್ಬ ಸಂಗ್ರಾಹಕನಾಗಿದ್ದ ಎಂಬುದು ನನಗೆ ಇಷ್ಟವಾದ ವಿಷಯ. ಬಂಗಲೆಯ ತೋಟದಲ್ಲಿ ಚಿಟ್ಟೆ ಹಿಡಿಯುತ್ತಿದ್ದ. 65ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳನ್ನು ಜೋಡಿಸಿಟ್ಟಿದ್ದ. ಒಂದು ಇಲಿ ನುಗ್ಗಿ ಆ ಸಂಗ್ರಹವನ್ನು ಹಾಳುಮಾಡಿತು.

ಮುಖ್ಯವಾದದ್ದು ಮಧ್ಯಾಹ್ನಗಳು. ಕವಾಯತಿಗೂ ಪೋಲೊಗೂ ನಡುವಿನ ಬಿಸಿಲ ಹೊತ್ತಿನಲ್ಲಿ ಉಳಿದ ಅಧಿಕಾರಿಗಳು ಮಲಗುತ್ತಿದ್ದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಚರ್ಚಿಲ್‌ಗೆ ತನಗೆ ಏನೂ ತಿಳಿದಿಲ್ಲವೆಂಬ ಕೊರಗು ಹತ್ತಿತ್ತು. ತಾಯಿಗೆ ಬರೆದು ಪುಸ್ತಕ ತರಿಸಿಕೊಂಡ. ರೋಮ್ ಸಾಮ್ರಾಜ್ಯದ ಪತನದ ಬಗ್ಗೆ ಗಿಬ್ಬನ್ ಬರೆದ ಎಂಟು ಸಂಪುಟ, ಮೆಕಾಲೆಯ ಹನ್ನೆರಡು ಸಂಪುಟ, ಪ್ಲೇಟೊ, ಅರಿಸ್ಟಾಟಲ್, ಡಾರ್ವಿನ್, ಮಾಲ್ಥಸ್. ದಿನಕ್ಕೆ ನಾಲ್ಕೈದು ಗಂಟೆ ಓದು. ಬ್ರಿಟನ್ನಿನ ಸಂಸತ್ತಿನ ಹಳೆಯ ಚರ್ಚೆಗಳಿದ್ದ ವಾರ್ಷಿಕ ಸಂಪುಟಗಳನ್ನು ಓದಲು ಆತ ಒಂದು ಕ್ರಮ ಮಾಡಿಕೊಂಡಿದ್ದ. ಚರ್ಚೆ ಓದುವ ಮೊದಲು ಆ ವಿಷಯದ ಬಗ್ಗೆ ತನ್ನ ಅಭಿಪ್ರಾಯವನ್ನು ಕಾಗದದ ಮೇಲೆ ಬರೆದಿಡುವುದು, ಓದಿದ ಮೇಲೆ ಹೋಲಿಸಿ ನೋಡುವುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಆತನ ಬದುಕಿನಿಂದ ಏನಾದರೂ ಸೀದಾ ಎತ್ತಿಕೊಳ್ಳುವುದಿದ್ದರೆ ಈ ಅಭ್ಯಾಸವೇ ಇರಬೇಕು.

1897ರಲ್ಲಿ ವಾಯವ್ಯ ಗಡಿಯ ಮಲಾಕಂಡ್‌ನಲ್ಲಿ ಪಠಾಣರ ದಂಗೆ ಎದ್ದಿತು. ಚರ್ಚಿಲ್ ರಜೆ ಪಡೆದು ಬೆಂಗಳೂರಿನಿಂದ ಎರಡು ಸಾವಿರ ಮೈಲಿಗೂ ಹೆಚ್ಚು ದೂರ, ಐದು ದಿನ ರೈಲಿನಲ್ಲಿ ಹೋಗಿ ಸೇರಿಕೊಂಡ. ಯುದ್ಧ ಮಾಡುತ್ತಲೇ ಪತ್ರಿಕೆಗಳಿಗೆ ವರದಿ ಬರೆದ. ಲಂಡನ್ನಿನ ಡೈಲಿ ಟೆಲಿಗ್ರಾಫ್ ಒಂದು ಕಾಲಂಗೆ ಐದು ಪೌಂಡ್ ಕೊಟ್ಟಿತು. ಬೆಂಗಳೂರಿಗೆ ಮರಳಿ ಆ ಅನುಭವವನ್ನೇ ಪುಸ್ತಕವಾಗಿ ಬರೆದ. ಆತನ ಮೊದಲ ಪುಸ್ತಕವಾದ ಅದು 1898ರಲ್ಲಿ ಪ್ರಕಟವಾಯಿತು. ಮುಂದೆ ಸಾಹಿತ್ಯದ ನೊಬೆಲ್ ಪಡೆದವನ ಬರವಣಿಗೆಯ ಬೇರು ಹೀಗೆ ಕಂಟೋನ್ಮೆಂಟಿನ ಮಣ್ಣಿನಲ್ಲಿದೆ.

1899ರಲ್ಲಿ ಆತ ಸೈನ್ಯ ಬಿಟ್ಟು ಹೊರಟುಹೋದ. ರೆಸಿಡೆನ್ಸಿ ರಸ್ತೆಯ ಇಂದಿನ ಬೆಂಗಳೂರು ಕ್ಲಬ್ ಆಗ ಯುನೈಟೆಡ್ ಸರ್ವಿಸಸ್ ಕ್ಲಬ್ ಆಗಿತ್ತು. ಅದೇ ವರ್ಷ ಜೂನ್‌ನಲ್ಲಿ ವಸೂಲಾಗದ ಬಾಕಿಗಳ ಪಟ್ಟಿ ಬರೆದಾಗ ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್‌ನ ಹೆಸರೂ ಇತ್ತು. ಬಾಕಿ 13 ರೂಪಾಯಿ. ಕ್ಲಬ್ ಅದನ್ನು ಮನ್ನಾ ಮಾಡಿತು, ಆ ಲೆಕ್ಕದ ಪುಸ್ತಕವನ್ನು ಮಾತ್ರ ಜೋಪಾನವಾಗಿಟ್ಟಿದೆ.

ಕ್ಯಾಮೆರಾ ಕಲಿಸಿದ ಪಾಠ

ಭಾರತ ಬಿಟ್ಟ ಮೇಲೆ ಆತನ ಏಳಿಗೆ ವೇಗವಾಗಿತ್ತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ವರದಿಗಾರನಾಗಿ ಹೋಗಿ, ಸೆರೆ ಸಿಕ್ಕು, ತಪ್ಪಿಸಿಕೊಂಡು ಬಂದು ಮನೆಮಾತಾದ. 1900ರಲ್ಲಿ ಸಂಸತ್ ಸದಸ್ಯನಾದಾಗ ವಯಸ್ಸು ಇಪ್ಪತ್ತೈದು. 1906ರಲ್ಲಿ ವಸಾಹತು ಖಾತೆಯ ಕಿರಿಯ ಸಚಿವನಾಗಿದ್ದಾಗ ದಕ್ಷಿಣ ಆಫ್ರಿಕಾದ ಭಾರತೀಯರ ಪರವಾಗಿ ಮಾತಾಡಲು ಬಂದ ಒಬ್ಬ ಬ್ಯಾರಿಸ್ಟರನ್ನು ಭೇಟಿ ಮಾಡಿದ. ಅವರು ಮೋಹನದಾಸ ಗಾಂಧಿ. ಇಬ್ಬರೂ ಮುಖಾಮುಖಿಯಾದದ್ದು ಅದೊಂದೇ ಸಲ.

ಉದ್ಯೋಗ ಹುಡುಕುವವರಿಗೆ ಹತ್ತಿರದ ಒಂದು ಸಂಗತಿ ಇಲ್ಲಿದೆ. 1908ರಲ್ಲಿ ವಾಣಿಜ್ಯ ಖಾತೆಯ ಸಚಿವನಾದ ಚರ್ಚಿಲ್, ಕೆಲಸ ಬೇಕಾದವರನ್ನೂ ಕೆಲಸಗಾರರು ಬೇಕಾದವರನ್ನೂ ಒಂದೇ ಕಡೆ ಸೇರಿಸುವ ಸರ್ಕಾರಿ ಕಚೇರಿಗಳಿಗಾಗಿ 1909ರಲ್ಲಿ ಕಾಯ್ದೆ ತಂದ. 1910ರ ಫೆಬ್ರುವರಿಯಲ್ಲಿ ಅವು ಬಾಗಿಲು ತೆರೆದವು. ನಮ್ಮ ಉದ್ಯೋಗ ವಿನಿಮಯ ಕೇಂದ್ರಗಳು ಆ ಕಲ್ಪನೆಯ ತಡವಾಗಿ ಬಂದ ನೆಂಟರು. ಪೋಸ್ಟರಿನ ಚರ್ಚಿಲ್‌ನಲ್ಲಿ ಈ ಚರ್ಚಿಲ್ ಕಾಣುವುದಿಲ್ಲ.

ಪತ್ರಿಕಾ ಕ್ಯಾಮೆರಾ ಆತನನ್ನು ದೊಡ್ಡದಾಗಿ ಹಿಡಿದದ್ದು 1911ರ ಜನವರಿ 3ರಂದು. ಆಗ ಆತ ಗೃಹಸಚಿವ. ಲಂಡನ್ನಿನ ಸಿಡ್ನಿ ಸ್ಟ್ರೀಟ್‌ನಲ್ಲಿ ಬಂದೂಕುಧಾರಿಗಳನ್ನು ಪೊಲೀಸರು ಸುತ್ತುವರಿದಾಗ, ಸಚಿವನೇ ಎತ್ತರದ ಟೋಪಿ ಹಾಕಿಕೊಂಡು ಬೀದಿಗೆ ಬಂದು ಗೋಡೆಯ ಮೂಲೆಯಿಂದ ಇಣುಕಿ ನೋಡಿದ. ಆ ಫೋಟೊ ಎಲ್ಲೆಡೆ ಅಚ್ಚಾಯಿತು. ಫೋಟೊಗ್ರಾಫರನಿಗೆ ಅಲ್ಲಿ ಕೆಲಸವಿತ್ತು, ಸಚಿವನಿಗೇನಿತ್ತು ಎಂದು ಸಂಸತ್ತಿನಲ್ಲಿ ವಿರೋಧಿಗಳು ಗೇಲಿ ಮಾಡಿದರು. ಫೋಟೊ ಮೆರೆಸಬಲ್ಲದು, ನಗೆಪಾಟಲೂ ಮಾಡಬಲ್ಲದು ಎಂದು ಆತನಿಗೆ ಅಂದು ಗೊತ್ತಾಗಿರಬೇಕು.

ನಂತರ ಬಿದ್ದದ್ದು ಆಳವಾಗಿಯೇ. ಮೊದಲ ಮಹಾಯುದ್ಧದಲ್ಲಿ ನೌಕಾಖಾತೆ ಹೊತ್ತಿದ್ದಾಗ 1915ರ ಡಾರ್ಡನೆಲ್ಸ್ ದಾಳಿ ವಿಫಲವಾಗಿ ಹುದ್ದೆ ಹೋಯಿತು. ಕೆಲ ಕಾಲ ಫ್ರಾನ್ಸಿನ ಕಂದಕಗಳಲ್ಲಿ ಸೈನಿಕನಾಗಿದ್ದ. ಮತ್ತೆ ಮೇಲೆ ಬಂದ, 1929ರ ನಂತರ ಹತ್ತು ವರ್ಷ ಅಧಿಕಾರದಿಂದ ಹೊರಗುಳಿದ. ಆ ಹತ್ತು ವರ್ಷದಲ್ಲಿ ಆತ ಎರಡು ಎಚ್ಚರಿಕೆಗಳನ್ನು ಕೂಗಿ ಹೇಳಿದ. ಒಂದು ಹಿಟ್ಲರನ ಬಗ್ಗೆ, ಅದರಲ್ಲಿ ಆತ ಸರಿಯಾಗಿದ್ದ. ಇನ್ನೊಂದು ಭಾರತಕ್ಕೆ ಸ್ವಲ್ಪವೂ ಸ್ವರಾಜ್ಯ ಕೊಡಬಾರದೆಂದು. 1931ರಲ್ಲಿ ಗಾಂಧೀಜಿ ವೈಸ್‌ರಾಯ್ ಜೊತೆ ಸರಿಸಮವಾಗಿ ಮಾತುಕತೆಗೆ ಕೂತದ್ದನ್ನು ಕಂಡು ಅವರ ಉಡುಪನ್ನೂ ಬಿಡದೆ ಹೀಯಾಳಿಸಿದ.

ಬಂದೂಕು, ಚುರುಟು, ಎರಡು ಬೆರಳು

1940ರ ಮೇ 10ರಂದು, ಜರ್ಮನಿ ಪಶ್ಚಿಮ ಯುರೋಪಿನ ಮೇಲೆ ನುಗ್ಗಿದ ದಿನವೇ, ಚರ್ಚಿಲ್ ಪ್ರಧಾನಿಯಾದ. ವಯಸ್ಸು ಅರವತ್ತೈದು. ಮುಂದಿನ ಐದು ವರ್ಷ ಆತ ಹೋದಲ್ಲೆಲ್ಲ ಫೋಟೊಗ್ರಾಫರುಗಳು ಹೋದರು. ಸೈನ್ಯದ ಅಧಿಕೃತ ಫೋಟೊಗ್ರಾಫರುಗಳ ಜೊತೆಗೆ ಸುದ್ದಿಸಂಸ್ಥೆಗಳವರೂ ಇರುತ್ತಿದ್ದರು. ಚಿತ್ರ ಸೆನ್ಸಾರ್ ದಾಟಿ ಪತ್ರಿಕೆಗಳಿಗೆ ಹೋಗುತ್ತಿತ್ತು, ಅಲ್ಲಿಂದ ಹಡಗು, ವಿಮಾನಗಳಲ್ಲಿ ದೇಶದೇಶಕ್ಕೆ. ದುಂಡು ಟೋಪಿ, ಚುಕ್ಕೆ ಬೋ ಟೈ, ಕೈಕೋಲು, ಚುರುಟು. ದೂರದಿಂದ ನೆರಳು ಕಂಡರೂ ಯಾರೆಂದು ಗೊತ್ತಾಗುವ ವೇಷ ಅದು.

1940ರ ಜುಲೈ 31ರಂದು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಳಿ ಕರಾವಳಿ ರಕ್ಷಣೆ ನೋಡಲು ಹೋದಾಗ ಟಾಮಿ ಗನ್ ಎಂಬ ಬಂದೂಕು ಹಿಡಿದು ನಿಂತ ಚಿತ್ರ ಒಂದಿದೆ. ಬಾಯಲ್ಲಿ ಚುರುಟು, ಮೈಮೇಲೆ ಪಟ್ಟೆಗೆರೆ ಸೂಟು. ಅಕ್ಕಪಕ್ಕದ ಸೈನಿಕರನ್ನು ಕತ್ತರಿಸಿ ಬ್ರಿಟನ್ ಆ ಚಿತ್ರವನ್ನು ಧೈರ್ಯದ ಗುರುತಾಗಿ ಹಂಚಿತು. ಜರ್ಮನಿ ಅದೇ ಚಿತ್ರವನ್ನು ಕರಪತ್ರಕ್ಕೆ ಹಾಕಿ, ಪೊಲೀಸರು ಹುಡುಕುತ್ತಿರುವ ಅಮೆರಿಕನ್ ಗೂಂಡಾನಂತೆ ತೋರಿಸಿತು. ಒಂದೇ ನೆಗೆಟಿವ್‌ನಿಂದ ಎರಡು ವಿರುದ್ಧ ಅರ್ಥ. ಇಂದು ನಾವು ನೋಡುವ ಮೀಮ್‌ಗಳ ಹಿರಿಯಣ್ಣ ಎನ್ನಬಹುದು.

1941ರಲ್ಲಿ ಬಾಂಬಿಗೆ ಬಿದ್ದ ಸಂಸತ್ ಭವನದ ಅವಶೇಷಗಳ ನಡುವೆ ಆತ ನಿಂತ ಚಿತ್ರವಿದೆ. ಅದೇ ವರ್ಷ ಸೆಪ್ಟೆಂಬರ್ 28ರಂದು, ಚಾವಣಿಯೇ ಇಲ್ಲದ ಕವೆಂಟ್ರಿ ಚರ್ಚಿನ ನಡುವೆ ನಡೆದುಬರುವ ಚಿತ್ರ. ಎರಡು ಬೆರಳೆತ್ತಿ ವಿಜಯದ ಗುರುತು ತೋರಿಸುವ ಚಿತ್ರಗಳು ಶುರುವಾದದ್ದೂ ಆ ವರ್ಷವೇ. ಆ ಗುರುತು ಆತನ ಸ್ವಂತದ್ದಲ್ಲ. ಬಿಬಿಸಿಯ ಬೆಲ್ಜಿಯನ್ ಪ್ರಸಾರದಿಂದ ಹುಟ್ಟಿದ ಚಳವಳಿಯನ್ನು ಆತ ಎತ್ತಿಕೊಂಡ. ಆರಂಭದ ಕೆಲವು ಫೋಟೊಗಳಲ್ಲಿ ಅಂಗೈ ತನ್ನ ಕಡೆ ತಿರುಗಿದೆ. ಬ್ರಿಟನ್ನಿನಲ್ಲಿ ಅದು ಬೈಗುಳದ ಸನ್ನೆ! ನಂತರದ ಚಿತ್ರಗಳಲ್ಲಿ ಅಂಗೈ ಹೆಚ್ಚಾಗಿ ಹೊರಕ್ಕೆ ಬಂದಿದೆ. ಹೀಗೆ ಸಾಲಾಗಿ ಇಟ್ಟು ನೋಡಿದಾಗ ಒಂದು ಭಂಗಿ ರೂಪುಗೊಳ್ಳುವುದು ಕಣ್ಣಿಗೇ ಕಾಣುತ್ತದೆ.

ಎಲ್ಲಕ್ಕಿಂತ ಹೆಸರಾದದ್ದು 1941ರ ಡಿಸೆಂಬರ್ 30ರ ಚಿತ್ರ. ಕೆನಡಾದ ಸಂಸತ್ತಿನಲ್ಲಿ ಭಾಷಣ ಮುಗಿಸಿ ಬಂದ ಚರ್ಚಿಲ್‌ಗಾಗಿ ಯೂಸುಫ್ ಕಾರ್ಶ್ ಎಂಬ ಫೋಟೊಗ್ರಾಫರ್ ದೀಪ ಜೋಡಿಸಿ ಕಾಯುತ್ತಿದ್ದ. ಹದಿಹರೆಯದಲ್ಲಿ ಕೆನಡಾಕ್ಕೆ ವಲಸೆ ಬಂದ ಅರ್ಮೇನಿಯನ್ ಆತ. ಚುರುಟು ತೆಗೆಯಲು ಚರ್ಚಿಲ್ ಒಪ್ಪದಿದ್ದಾಗ ಕಾರ್ಶ್ ಮುಂದೆ ಹೋಗಿ ಬಾಯಿಂದಲೇ ಕಿತ್ತುಕೊಂಡು ಬಂದು ಕ್ಯಾಮೆರಾ ಒತ್ತಿದ. ಜಗತ್ತು ಛಲ ಎಂದು ಓದಿದ ಆ ಗಂಟುಮುಖ, ಚುರುಟು ಕಳಕೊಂಡ ಸಿಟ್ಟು.

ಫೋಟೊದ ಬೆನ್ನು ಹೇಳುವ ಮಾತು

ಈ ಚಿತ್ರಗಳ ನಕಲು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವಾಗ ಅಸಲಿ ಪ್ರಿಂಟ್ ಏಕೆ ಬೇಕು? ಉತ್ತರ ಫೋಟೊದ ಹಿಂಬದಿಯಲ್ಲಿದೆ. ಯುದ್ಧಕಾಲದ ಪತ್ರಿಕಾ ಪ್ರಿಂಟ್‌ನ ಬೆನ್ನಿಗೆ ಸಾಮಾನ್ಯವಾಗಿ ಟೈಪ್ ಮಾಡಿದ ವಿವರಣೆಯ ಚೀಟಿ ಅಂಟಿಸಿರುತ್ತಾರೆ. ಸುದ್ದಿಸಂಸ್ಥೆಯ ಮೊಹರು, ಸೆನ್ಸಾರ್ ಒಪ್ಪಿಗೆಯ ಮೊಹರು, ಪತ್ರಿಕಾ ಕಚೇರಿಗೆ ಬಂದು ಸೇರಿದ ದಿನಾಂಕ ಇರುತ್ತವೆ. ಮುಂಬದಿಯಲ್ಲಿ, ಎಲ್ಲಿಗೆ ಕತ್ತರಿಸಬೇಕೆಂದು ಉಪಸಂಪಾದಕ ಮೇಣದ ಪೆನ್ಸಿಲಿನಿಂದ ಎಳೆದ ಗೆರೆಗಳು. ಕೆಲವುಗಳಲ್ಲಿ ಮುಖ ಎದ್ದು ಕಾಣಲೆಂದು ಹಿನ್ನೆಲೆಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಯಾರು ತೆಗೆದರು, ಯಾರು ಅನುಮತಿ ಕೊಟ್ಟರು, ಏನನ್ನು ಕತ್ತರಿಸಿದರು ಎಂಬುದು ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರದಲ್ಲಿ ಹೆಚ್ಚಾಗಿ ಸಿಗುವುದಿಲ್ಲ.

ಅಸಲಿಯೇ ಎಂದು ನೋಡಲು ಕೆಲವು ಸರಳ ಪರೀಕ್ಷೆಗಳಿವೆ. ಹಳೆಯ ಪ್ರಿಂಟ್‌ನ ಕಾಗದ ಅಂಚಿನಲ್ಲಿ ಸುರುಳಿಯಾಗುತ್ತದೆ. ಕಪ್ಪು ಭಾಗಗಳನ್ನು ಓರೆಯಾಗಿ ಹಿಡಿದರೆ ಬೆಳ್ಳಿಯಂಥ ಹೊಳಪು ಮೇಲೆದ್ದಿರುವುದುಂಟು, ಏಕೆಂದರೆ ಚಿತ್ರ ಮೂಡಿರುವುದೇ ಬೆಳ್ಳಿಯಿಂದ. ಮುಟ್ಟಿದರೆ ಪ್ಲಾಸ್ಟಿಕ್ ಅನಿಸುವ ಲೇಪದ ಕಾಗದ ಬಳಕೆಗೆ ಬಂದದ್ದು 1960ರ ದಶಕದ ಕೊನೆಯ ಹೊತ್ತಿಗೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಇನ್ನೊಂದು ಉಪಾಯ. ಬಟ್ಟೆ ಸೋಪಿನ ಪುಡಿಯಲ್ಲಿ ಇರುವಂಥ ಬಿಳುಪುಕಾರಕವನ್ನು ಫೋಟೊ ಕಾಗದಕ್ಕೆ ಸೇರಿಸಲು ಶುರುಮಾಡಿದ್ದು 1950ರ ದಶಕದಲ್ಲಿ. ಕತ್ತಲಲ್ಲಿ ಆ ಬೆಳಕಿಗೆ ಕಾಗದ ನೀಲಿಯಾಗಿ ಹೊಳೆದರೆ ಅದು 1940ರದ್ದಲ್ಲ. ಹೊಳೆಯದಿದ್ದರೆ ಅಸಲಿಯೆಂದು ಖಾತ್ರಿಯೂ ಅಲ್ಲ, ಆಗ ಮೊಹರು, ಚೀಟಿ, ಕಾಗದ ಮೂರನ್ನೂ ಕೂಡಿಸಿ ನೋಡಬೇಕು.

ಕಣ್ಣು ಎಚ್ಚರವಾಗಿದ್ದರೆ ಎಂಥ ಕಳ್ಳತನವೂ ಸಿಕ್ಕಿಬೀಳುತ್ತದೆ ಎನ್ನಲು ಕಾರ್ಶ್‌ನ ಚಿತ್ರವೇ ಉದಾಹರಣೆ. ಆತನ ಸಹಿ ಇದ್ದ ಒಂದು ಪ್ರಿಂಟ್ ಕೆನಡಾದ ಒಟ್ಟಾವ ನಗರದ ಷಾಟೊ ಲಾರಿಯೆ ಹೋಟೆಲಿನ ಗೋಡೆಯ ಮೇಲಿತ್ತು. 2022ರ ಆಗಸ್ಟ್‌ನಲ್ಲಿ, ಚೌಕಟ್ಟು ಪಕ್ಕದ ಚಿತ್ರಗಳದ್ದಕ್ಕೆ ಹೊಂದುತ್ತಿಲ್ಲ ಎಂದು ಹೋಟೆಲಿನ ಸಿಬ್ಬಂದಿಯೊಬ್ಬರ ಗಮನಕ್ಕೆ ಬಂತು. ಪರಿಶೀಲಿಸಿದರೆ ಸಹಿ ನಕಲಿ, ಚಿತ್ರವೂ ನಕಲಿ. ಅಸಲಿಯನ್ನು ತಿಂಗಳುಗಳ ಹಿಂದೆಯೇ ಕದ್ದು ನಕಲು ತೂಗುಹಾಕಿದ್ದರು. 2024ರಲ್ಲಿ ಅದು ಇಟಲಿಯಲ್ಲಿ ಪತ್ತೆಯಾಗಿ ಮರಳಿತು.

ಸಂಗ್ರಹ ಮಾಡಬೇಕೆನ್ನುವವರಿಗೆ ಒಂದೆರಡು ಮಾತು. ಲ್ಯಾಮಿನೇಟ್ ಮಾಡಿಸಬೇಡಿ. ಬೆನ್ನಿನ ಚೀಟಿ ಕೀಳಬೇಡಿ, ಅದಿಲ್ಲದೆ ಫೋಟೊ ಅನಾಥ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಚಪ್ಪಟೆಯಾಗಿ ಇಡಿ, ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಜೊತೆಗಿರಲಿ. ಪ್ರಿಂಟ್ ಕೊಂಡರೆ ಅದನ್ನು ಅಚ್ಚು ಹಾಕುವ ಹಕ್ಕನ್ನೂ ಕೊಂಡಂತೆ ಅಲ್ಲ ಎಂಬುದು ನೆನಪಿರಲಿ.

ಚೌಕಟ್ಟಿನ ಹೊರಗೆ

ನನ್ನ ಸಂಗ್ರಹದಲ್ಲಿ ಹೆಚ್ಚು ಯೋಚನೆಗೆ ಹಚ್ಚಿದ್ದು 1941ರ ಆಗಸ್ಟ್‌ನ ಒಂದು ಚಿತ್ರ. ಕೆನಡಾ ಕರಾವಳಿಯ ಆಚೆ ಪ್ರಿನ್ಸ್ ಆಫ್ ವೇಲ್ಸ್ ಎಂಬ ಯುದ್ಧನೌಕೆಯ ಮೇಲೆ ಚರ್ಚಿಲ್ ಮತ್ತು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅಕ್ಕಪಕ್ಕ ಕೂತು ಭಾನುವಾರದ ಪ್ರಾರ್ಥನೆಯಲ್ಲಿದ್ದಾರೆ. ಆ ಭೇಟಿಯಲ್ಲೇ ಅಟ್ಲಾಂಟಿಕ್ ಚಾರ್ಟರ್ ಹೊರಬಂತು. ತಮ್ಮ ಸರ್ಕಾರ ಹೇಗಿರಬೇಕೆಂದು ಆರಿಸಿಕೊಳ್ಳುವ ಹಕ್ಕು ಎಲ್ಲ ಜನರಿಗೂ ಇದೆ ಎಂದು ಅದರಲ್ಲಿತ್ತು. ಮುಂದಿನ ತಿಂಗಳು ಚರ್ಚಿಲ್ ಸಂಸತ್ತಿನಲ್ಲಿ, ಆ ಮಾತು ಹಿಟ್ಲರ್ ಆಕ್ರಮಿಸಿದ ಯುರೋಪಿಗೆ ಸಂಬಂಧಿಸಿದ್ದು, ಭಾರತಕ್ಕೆ ಅನ್ವಯಿಸುವುದಿಲ್ಲ ಎಂಬ ಅರ್ಥದಲ್ಲಿ ಸ್ಪಷ್ಟಪಡಿಸಿದ. ಫೋಟೊದಲ್ಲಿ ಪ್ರಾರ್ಥನೆ ಇದೆ, ಈ ಸ್ಪಷ್ಟನೆ ಇಲ್ಲ.

ಅದೇ ಹೊತ್ತಿಗೆ ಬೆಂಗಳೂರೂ ಯುದ್ಧದ ಊರಾಗಿತ್ತು. 1940ರ ಡಿಸೆಂಬರ್‌ನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧವಿಮಾನಗಳ ರಿಪೇರಿಯಲ್ಲಿ ಮುಳುಗಿತ್ತು. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ದಳದವರು ದೂರದ ರಣರಂಗಗಳಲ್ಲಿದ್ದರು. ಒಟ್ಟು 25 ಲಕ್ಷ ಭಾರತೀಯರು ಆ ಯುದ್ಧಕ್ಕೆ ಸೈನ್ಯ ಸೇರಿದರು. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಕರೆ ಬಂದಾಗ ಬೆಂಗಳೂರಿನ ವಿದ್ಯಾರ್ಥಿಗಳೂ ಗಿರಣಿ ಕಾರ್ಮಿಕರೂ ಬೀದಿಗಿಳಿದರು. ಗುಂಡಿಗೆ ಬಲಿಯಾದವರ ಸ್ಮಾರಕ ಮೈಸೂರು ಬ್ಯಾಂಕ್ ವೃತ್ತದಲ್ಲಿದೆ. ಶಿವಮೊಗ್ಗ ಜಿಲ್ಲೆಯ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಆ ಹಳ್ಳಿಯ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು.

ಅದೇ 1943ರಲ್ಲಿ ಬಂಗಾಳದ ಕ್ಷಾಮ. ಸತ್ತವರ ಸಂಖ್ಯೆ ಹದಿನೈದು ಲಕ್ಷ ಎಂದು ಅಂದಿನ ಸರ್ಕಾರಿ ಆಯೋಗ ಅಂದಾಜಿಸಿತು, ನಂತರದ ವಿದ್ವಾಂಸರ ಅಂದಾಜು ಮೂವತ್ತು ಲಕ್ಷದವರೆಗೂ ಹೋಗುತ್ತದೆ. ಬರ್ಮಾ ಜಪಾನಿಗೆ ಬಿದ್ದು ಅಕ್ಕಿ ನಿಂತದ್ದು, 1942ರ ಅಕ್ಟೋಬರ್‌ನ ಚಂಡಮಾರುತ, ಶತ್ರುವಿಗೆ ಸಿಗಬಾರದೆಂದು ಸರ್ಕಾರವೇ ದೋಣಿಗಳನ್ನೂ ಅಕ್ಕಿಯನ್ನೂ ವಶಪಡಿಸಿಕೊಂಡದ್ದು, ಬೆಲೆಯೇರಿಕೆ, ದಾಸ್ತಾನು, ಪ್ರಾಂತ್ಯದ ಆಡಳಿತದ ವೈಫಲ್ಯ, ಹೀಗೆ ಕಾರಣಗಳು ಹಲವು. ಆದರೆ ಧಾನ್ಯ ತರಲು ಹಡಗು ಕೊಡಿ ಎಂದು ಭಾರತದಿಂದ ಮತ್ತೆ ಮತ್ತೆ ಬೇಡಿಕೆ ಹೋದಾಗ ಚರ್ಚಿಲ್‌ನ ಯುದ್ಧ ಸಂಪುಟ ಕೇಳಿದ್ದಕ್ಕಿಂತ ತೀರಾ ಕಡಿಮೆ ಕೊಟ್ಟಿತು. ಭಾರತೀಯರ ಬಗ್ಗೆ ಆತ ಆಡಿದ ತಾತ್ಸಾರದ ಮಾತುಗಳನ್ನು ಆತನದೇ ಸಂಪುಟದ ಭಾರತ ಸಚಿವ ಲಿಯೊ ಏಮೆರಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹೊಣೆ ಎಷ್ಟು ಪಾಲು ಆತನದು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಏನೂ ಇಲ್ಲ ಎನ್ನುವುದು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ.

ಆ ಕ್ಷಾಮಕ್ಕೂ ಫೋಟೊಗಳಿದ್ದವು. ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆ, ಇಯಾನ್ ಸ್ಟೀಫನ್ಸ್ ಎಂಬ ಬ್ರಿಟಿಷ್ ಸಂಪಾದಕನ ಕೈಯಲ್ಲಿ, ಸರ್ಕಾರದ ಕಣ್ಗಾವಲಿನ ನಡುವೆಯೇ 1943ರ ಆಗಸ್ಟ್ 22ರಂದು ಬೀದಿಯಲ್ಲಿ ಸಾಯುತ್ತಿದ್ದವರ ಚಿತ್ರಗಳನ್ನು ಅಚ್ಚು ಹಾಕಿತು. ಜಗತ್ತಿಗೆ ಸುದ್ದಿ ಗೊತ್ತಾಗಲು ಆ ಚಿತ್ರಗಳು ದೊಡ್ಡ ಕಾರಣ. ಆಗಿನ್ನೂ ಯುವಕನಾಗಿದ್ದ ಸುನಿಲ್ ಜಾನಾ ಕ್ಯಾಮೆರಾ ಹಿಡಿದು ಬಂಗಾಳದ ಹಳ್ಳಿಗಳನ್ನು ಸುತ್ತಿದರು. ಕಲಾವಿದ ಚಿತ್ತಪ್ರಸಾದ್ ಕ್ಷಾಮದ ಊರುಗಳಲ್ಲಿ ನಡೆದಾಡಿ ಬರೆದ ಚಿತ್ರಗಳ ಪುಸ್ತಕವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡು ನಾಶಮಾಡಿತು. ಚರ್ಚಿಲ್‌ನ ಫೋಟೊಗಳ ಮೇಲೆ ಒಪ್ಪಿಗೆಯ ಮೊಹರು ಬೀಳುತ್ತಿದ್ದ ಕಾಲದಲ್ಲೇ ಇದೂ ನಡೆಯಿತು.

ನನ್ನ ಆಲ್ಬಮ್ಮಿನಲ್ಲಿ ಕವೆಂಟ್ರಿಯ ಚಿತ್ರದ ಎದುರು ಪುಟದಲ್ಲಿ ಜಾನಾ ಅವರ ಒಂದು ಕ್ಷಾಮದ ಚಿತ್ರದ ನಕಲು ಇಟ್ಟಿದ್ದೇನೆ. ಅಸಲಿ ಕೊಳ್ಳುವ ಶಕ್ತಿ ನನಗಿಲ್ಲ. ನಕಲೇ ಆದರೂ ಅದು ಅಲ್ಲಿರಬೇಕು. ಒಂದು ಊರಿನ ಅವಶೇಷದ ನಡುವೆ ಕಣ್ಣು ತುಂಬಿಕೊಂಡು ನಡೆಯಬಲ್ಲ ನಾಯಕನಿಗೆ, ತಾನೇ ಉಂಡುಟ್ಟು ಓದಿದ ದೇಶದ ಹಸಿವು ಅಷ್ಟೇ ಹತ್ತಿರದ್ದಾಗಲಿಲ್ಲ. ಎರಡೂ ಚಿತ್ರಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ಆತ ಪೂರ್ತಿ ಕಾಣುತ್ತಾನೆ.

ಗೆದ್ದ ಮೇಲೆ ಸೋತದ್ದು

1945ರ ಫೆಬ್ರುವರಿಯಲ್ಲಿ ಯಾಲ್ಟಾದಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಮೂವರೂ ಸಾಲಾಗಿ ಕೂತ ಚಿತ್ರ ನಮ್ಮ ಪಠ್ಯಪುಸ್ತಕಗಳಿಂದ ಪರಿಚಿತ. ಎರಡು ತಿಂಗಳಲ್ಲಿ ರೂಸ್‌ವೆಲ್ಟ್ ತೀರಿಕೊಂಡ. ಮೇ 8ರಂದು ಲಂಡನ್ನಿನ ಬಾಲ್ಕನಿಯಿಂದ ಜನಸಾಗರಕ್ಕೆ ಕೈ ಬೀಸುವ ಚರ್ಚಿಲ್‌ನ ಚಿತ್ರ ಆತನ ಯುದ್ಧಕಾಲದ ಫೋಟೊಗಳ ಶಿಖರ. ಆ ಗುಂಪನ್ನು ನೋಡಿದವರು ಆತನನ್ನು ಯಾರೂ ಸೋಲಿಸಲಾರರು ಎಂದುಕೊಂಡಿರಬೇಕು. ಜುಲೈ 26ರಂದು ಚುನಾವಣೆ ಫಲಿತಾಂಶ ಬಂದಾಗ ಲೇಬರ್ ಪಕ್ಷ 393 ಸ್ಥಾನ ಗೆದ್ದಿತ್ತು. ಪಾಟ್ಸ್‌ಡ್ಯಾಮ್ ಸಮ್ಮೇಳನದ ನಡುವೆ ಊರಿಗೆ ಬಂದಿದ್ದ ಚರ್ಚಿಲ್ ಮರಳಿ ಹೋಗಲಿಲ್ಲ, ಆತನ ಕುರ್ಚಿಯಲ್ಲಿ ಅಟ್ಲಿ ಕೂತ. ಚಪ್ಪಾಳೆ ತಟ್ಟಿದ ಜನವೇ, ಮನೆ, ಕೆಲಸ, ಆಸ್ಪತ್ರೆಯ ಮಾತು ಬಂದಾಗ ಬೇರೆಯವರಿಗೆ ಮತ ಹಾಕಿದ್ದರು. ಎರಡು ವರ್ಷದಲ್ಲಿ ಅಟ್ಲಿಯ ಸರ್ಕಾರವೇ ಭಾರತದಿಂದ ಹೊರಟಿತು.

ಚರ್ಚಿಲ್ 1951ರಲ್ಲಿ ಮತ್ತೆ ಪ್ರಧಾನಿಯಾದ, 1955ರವರೆಗೆ ಇದ್ದ. 1953ರಲ್ಲಿ ಸಾಹಿತ್ಯದ ನೊಬೆಲ್ ಬಂತು. 1965ರ ಜನವರಿ 24ರಂದು, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡ. ಸರಿಯಾಗಿ ಎಪ್ಪತ್ತು ವರ್ಷದ ಹಿಂದೆ ಅದೇ ದಿನ ಆತನ ತಂದೆ ಸತ್ತಿದ್ದರು.

ಇಂದು ನಮ್ಮ ಫೋನಿಗೆ ದಿನಕ್ಕೆ ಎಷ್ಟೋ ನಾಯಕರ ಚಿತ್ರಗಳು ಬಂದು ಬೀಳುತ್ತವೆ. ಅವುಗಳ ಹಿಂದೆ ಮೊಹರು ಇಲ್ಲ, ಚೀಟಿ ಇಲ್ಲ. ಹಾಗಾಗಿ ಆ ಪ್ರಶ್ನೆಗಳನ್ನು ನಾವೇ ಕೇಳಬೇಕು. ಇದನ್ನು ತೆಗೆದವರು ಯಾರು? ಹಂಚಿದವರು ಯಾರು? ಅಂಚಿನಲ್ಲಿ ಕತ್ತರಿಸಿದ್ದು ಏನು? ಅದೇ ದಿನ ತೆಗೆದ, ನಮಗೆ ತೋರಿಸದ ಇನ್ನೊಂದು ಚಿತ್ರ ಯಾವುದು? ಹನ್ನೊಂದು ಹಳೆಯ ಫೋಟೊಗಳಿಂದ ನಾನು ಕಲಿತದ್ದು ಇಷ್ಟು. ಕೆಲಸ ಹುಡುಕುವ ಈ ದಿನಗಳಲ್ಲಿ ಸಂಗ್ರಹಕ್ಕೆ ಇನ್ನಷ್ಟು ಸೇರಿಸುವ ಸ್ಥಿತಿಯಲ್ಲಿ ನಾನಿಲ್ಲ. ಮುಂದೆಂದಾದರೂ ಹನ್ನೆರಡನೆಯದನ್ನು ಕೊಳ್ಳುವುದಾದರೆ, ಅದು ಚರ್ಚಿಲ್‌ನದ್ದಾಗಿರುವುದಿಲ್ಲ. ಕವೆಂಟ್ರಿಯ ಎದುರು ಪುಟದ ಆ ನಕಲಿನ ಜಾಗಕ್ಕೆ ಒಂದು ಅಸಲಿ ಬೇಕಾಗಿದೆ.